ಪ್ರಕೃತಿ ಚಿಕಿತ್ಸೆ: ಯಾರ ಕೈಗೆ ಮೈ ಕೊಡಬೇಕು?

(ಧಾರವಾಡದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಸಂಘಟಕರು ನನಗೆ ಕೊಟ್ಟಿರುವ ವಿಷಯ ಪ್ರಕೃತಿ ಚಿಕಿತ್ಸೆ. ನಾನು ಅಲೋಪಥಿ ಓದಿದವನು, ಹುಬ್ಬಳ್ಳಿ–ಧಾರವಾಡದ ಈ ಅವಳಿ ನಗರದಲ್ಲೇ ದವಾಖಾನೆ ನಡೆಸಿದವನು. ಆದ್ದರಿಂದ ಇವನು ಇವತ್ತು ಪ್ರಕೃತಿ ಚಿಕಿತ್ಸೆಯನ್ನು ಬೈಯುತ್ತಾನೆ ಎಂದು ಕೆಲವರು ಬಂದಿರಬಹುದು. ವಯಸ್ಸಾಯಿತಲ್ಲ, ಈಗ ಹೊಗಳುತ್ತಾನೆ ಎಂದು ಇನ್ನು ಕೆಲವರು ಬಂದಿರಬಹುದು. ಇಬ್ಬರಿಗೂ ಸ್ವಲ್ಪ ನಿರಾಶೆಯಾದೀತು. ಆ ಚಿಕಿತ್ಸೆಗೆ ಹೋಗಬೇಕೋ ಬೇಡವೋ ಎಂಬ ವಾದವನ್ನು ನಾನು ಹೂಡುವುದಿಲ್ಲ. ಜನ ಹೇಗೂ ಹೋಗುತ್ತಿದ್ದಾರೆ. ನನ್ನ ರೋಗಿಗಳೂ ಹೋಗಿದ್ದಾರೆ, ನನ್ನ ಮನೆಯವರೂ ಹೋಗಿದ್ದಾರೆ. ಹೋಗುವುದಾದರೆ ಯಾರ ಬಳಿ ಹೋಗಬೇಕು, ಅವರು ಬಲ್ಲವರು ಎಂದು ತಿಳಿಯುವುದು ಹೇಗೆ ಎನ್ನುವುದಷ್ಟೇ ಇವತ್ತಿನ ಮಾತು.

1924ನೆಯ ಇಸವಿಯಿಂದ ತೊಡಗುತ್ತೇನೆ. ಆ ವರ್ಷದ ಡಿಸೆಂಬರಿನಲ್ಲಿ ನಮ್ಮ ಪಕ್ಕದ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನ ಅದು ಎಂಬುದು ಈ ಭಾಗದ ಶಾಲೆಯ ಹುಡುಗರಿಗೂ ಗೊತ್ತು. ಅದೇ ವರ್ಷದ ಜನವರಿಯಲ್ಲಿ ಆದದ್ದನ್ನು ಮಾತ್ರ ನಾವು ಅಷ್ಟಾಗಿ ನೆನೆಯುವುದಿಲ್ಲ. ಯರವಡಾ ಜೈಲಿನಲ್ಲಿದ್ದ ಗಾಂಧೀಜಿಗೆ ಅಪೆಂಡಿಸೈಟಿಸ್ ಆಗಿ ಪುಣೆಯ ಸಸೂನ್ ಆಸ್ಪತ್ರೆಗೆ ಸೇರಿಸಿದರು. ಜನವರಿ 12ರ ರಾತ್ರಿ ಕರ್ನಲ್ ಮ್ಯಾಡಕ್ ಎಂಬ ಇಂಗ್ಲಿಷ್ ಸರ್ಜನ್ ಶಸ್ತ್ರಕ್ರಿಯೆ ಮಾಡಿದರು. ನಡುವೆಯೇ ಕರೆಂಟು ಹೋಗಿ, ಕೊನೆಯ ಭಾಗವನ್ನು ಲಾಟೀನಿನ ಬೆಳಕಿನಲ್ಲಿ ಮುಗಿಸಬೇಕಾಯಿತು. ದಕ್ಷಿಣ ಆಫ್ರಿಕಾದ ದಿನಗಳಿಂದಲೇ ಮಣ್ಣಿನ ಪಟ್ಟಿ, ಕಟಿಸ್ನಾನ, ಉಪವಾಸಗಳನ್ನು ತಮ್ಮ ಮೇಲೂ ಹೆಂಡತಿ ಮಕ್ಕಳ ಮೇಲೂ ಪ್ರಯೋಗಿಸುತ್ತ ಬಂದವರು ಅವರು. ‘ಹಿಂದ್ ಸ್ವರಾಜ್’ನಲ್ಲಿ ಡಾಕ್ಟರರನ್ನೂ ಆಸ್ಪತ್ರೆಗಳನ್ನೂ ಕಟುವಾಗಿ ಟೀಕಿಸಿದವರೂ ಹೌದು. ಆ ರಾತ್ರಿ ಅವರೇ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರು. ಹಾಕದಿದ್ದರೆ ಬೆಳಗಾವಿಯ ಅಧ್ಯಕ್ಷ ಪೀಠದಲ್ಲಿ ಬೇರೆ ಯಾರೋ ಕೂಡುತ್ತಿದ್ದರು.

ಶಸ್ತ್ರಕ್ರಿಯೆಯಾದ ಮೇಲೂ ಗಾಂಧೀಜಿ ಪ್ರಕೃತಿ ಚಿಕಿತ್ಸೆಯನ್ನು ಕೈಬಿಡಲಿಲ್ಲ. 1945ರ ನವೆಂಬರ್ 18ರಂದು ಅಖಿಲ ಭಾರತ ಪ್ರಕೃತಿ ಚಿಕಿತ್ಸಾ ಪ್ರತಿಷ್ಠಾನದ ಅಧ್ಯಕ್ಷರಾದರು. 2018ರಿಂದ ನವೆಂಬರ್ 18ನ್ನು ಪ್ರಕೃತಿ ಚಿಕಿತ್ಸಾ ದಿನವೆಂದು ಆಚರಿಸುವುದು ಈ ಕಾರಣಕ್ಕೆ. ಪುಣೆಯಲ್ಲಿ ಡಾ. ದಿನಶಾ ಮೆಹ್ತಾ ನಡೆಸುತ್ತಿದ್ದ ಚಿಕಿತ್ಸಾಲಯದಲ್ಲಿ ಅವರು ತಂಗುತ್ತಿದ್ದರು. ಬಾಪು ಭವನ ಎಂದು ಹೆಸರಾದ ಅದೇ ಜಾಗದಲ್ಲಿ 1986ರಲ್ಲಿ ರಾಷ್ಟ್ರೀಯ ಪ್ರಕೃತಿ ಚಿಕಿತ್ಸಾ ಸಂಸ್ಥೆ ಆರಂಭವಾಯಿತು. ಆದರೆ ಪುಣೆಯಂಥ ಶಹರದಲ್ಲಿ ಬಡವರಿಗೆ ಈ ಚಿಕಿತ್ಸೆ ಎಟುಕುವುದಿಲ್ಲ ಎಂದು ಗಾಂಧೀಜಿಗೆ ಅನಿಸಿತು. 1946ರಲ್ಲಿ ಪುಣೆಯ ಹತ್ತಿರದ ಉರುಳಿ ಕಾಂಚನ ಎಂಬ ಹಳ್ಳಿಗೆ ಹೋಗಿ ಅಲ್ಲಿ ನಿಸರ್ಗೋಪಚಾರ ಆಶ್ರಮ ತೆರೆದರು. ನೀರು, ಮಣ್ಣು, ಬಿಸಿಲು, ಗಾಳಿ ಯಾರಪ್ಪನ ಸ್ವತ್ತೂ ಅಲ್ಲ ಎಂಬ ನಂಬಿಕೆ ಅವರದು. ಈಗಿನ ಕೆಲವು ರಿಸಾರ್ಟುಗಳು ಹತ್ತು ದಿನದ ಮಣ್ಣು ನೀರಿಗೆ ಹಾಕುವ ಬಿಲ್ಲನ್ನು ಅವರು ನೋಡಿದ್ದರೆ ಏನನ್ನುತ್ತಿದ್ದರೋ. ಇರಲಿ.

ಈ ಪದ್ಧತಿ ವೇದಕಾಲದಿಂದ ಬಂದದ್ದು ಎಂದು ಭಾಷಣಗಳಲ್ಲಿ ಹೇಳುವುದುಂಟು. ಉಪವಾಸ, ಪಥ್ಯ, ಎಣ್ಣೆಸ್ನಾನ ನಮ್ಮವೇ, ನಿಜ. ಆದರೆ ಕಟಿಸ್ನಾನ, ಒದ್ದೆ ಬಟ್ಟೆಯ ಸುತ್ತು, ತಣ್ಣೀರಿನ ಧಾರೆ ಮೊದಲಾದ ಕ್ರಮಗಳು ಬಂದದ್ದು ಯುರೋಪಿನ ಜರ್ಮನ್ ಭಾಷಿಕರಿಂದ. ಸೈಲೀಷಿಯಾದ ಪ್ರೀಸ್ನಿಟ್ಸ್ ರೈತ. ಬವೇರಿಯಾದ ಕ್ನೈಪ್ ಪಾದ್ರಿ. ಲೈಪ್ಜಿಗ್‌ನ ಲೂಯಿ ಕುಹ್ನೆಯೂ ವೈದ್ಯನಲ್ಲ. ಕುಹ್ನೆಯ ಪುಸ್ತಕ 19ನೆಯ ಶತಮಾನದ ಕೊನೆಗೇ ತೆಲುಗಿಗೆ ಬಂತು, ಆಮೇಲೆ ಹಿಂದಿ, ಉರ್ದುಗಳಿಗೆ. ಗಾಂಧೀಜಿಯೂ ಅವನನ್ನು ಓದಿದ್ದರು.

ಇಲ್ಲಿ ಯಾರಾದರೂ ಜಾಣರು ನನ್ನನ್ನು ಹಿಡಿಯಬಹುದು. ಮೂಲಪುರುಷರೇ ಡಿಗ್ರಿ ಇಲ್ಲದವರಾದರೆ ಈಗಿನವರಿಗೆ ಡಿಗ್ರಿ ಯಾಕ್ರೀ ಎಂದು. ಒಳ್ಳೆಯ ಪ್ರಶ್ನೆ. ಪ್ರೀಸ್ನಿಟ್ಸ್‌ನ ಕಾಲದ ಡಿಗ್ರಿ ಇದ್ದ ಡಾಕ್ಟರರು ಏನು ಮಾಡುತ್ತಿದ್ದರು ಎಂದು ನೋಡಿ. ರಕ್ತ ಬಸಿಯುತ್ತಿದ್ದರು, ಪಾದರಸ ಕುಡಿಸುತ್ತಿದ್ದರು. ಅಂಥ ಚಿಕಿತ್ಸೆಗಿಂತ ತಣ್ಣೀರು, ವಿಶ್ರಾಂತಿ, ಗಂಜಿಯೂಟ ಮೇಲು. ಏನೂ ಮಾಡದೆ ಇರುವುದೇ ರೋಗಿಯ ಪಾಲಿಗೆ ಲಾಭವಾಗಿದ್ದ ಕಾಲ ಅದು. ಈಗ ಆ ಕಾಲವಲ್ಲ. ಇನ್ಸುಲಿನ್ ಬಂದಿದೆ, ಆಂಟಿಬಯಾಟಿಕ್ ಬಂದಿದೆ. ಈಗ ಏನೂ ಮಾಡದೆ ಇರಬೇಕಾದರೆ, ಯಾರಿಗೆ ಏನೂ ಮಾಡದಿದ್ದರೂ ನಡೆಯುತ್ತದೆ, ಯಾರಿಗೆ ನಡೆಯುವುದಿಲ್ಲ ಎಂಬುದು ಗೊತ್ತಿರಬೇಕು. ಅದನ್ನು ತಿಳಿಯಲು ರೋಗಪರೀಕ್ಷೆ ಬರಬೇಕು. ಎಲ್ಲ ರೋಗಕ್ಕೂ ಒಂದೇ ಕಾರಣ, ದೇಹದೊಳಗೆ ಸೇರಿದ ಕಶ್ಮಲ ಎಂದು ಕುಹ್ನೆ ಹೇಳಿದ. ಅದು ತಪ್ಪು. ಅವನ ಜೀವಿತದಲ್ಲೇ, 1882ರಲ್ಲಿ, ರಾಬರ್ಟ್ ಕಾಖ್ ಕ್ಷಯದ ರೋಗಾಣುವನ್ನು ತೋರಿಸಿದ್ದರು.

ಕ್ಷಯದ ಮಾತು ಬಂತು, ಸ್ವಲ್ಪ ನಿಲ್ಲುತ್ತೇನೆ. ಪ್ರಕೃತಿ ಚಿಕಿತ್ಸೆಯ ಬಲ ಎಷ್ಟು, ಮಿತಿ ಎಲ್ಲಿ ಎಂದು ತಿಳಿಯಲು ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಕಾಣಲಿಲ್ಲ. ನಮ್ಮ ಅಜ್ಜಂದಿರ ಕಾಲದಲ್ಲಿ ಈ ಭಾಗದವರಿಗೆ ದೊಡ್ಡ ಕಾಯಿಲೆ ಬಂದರೆ ಮಿರಜದ ದವಾಖಾನೆಯೇ ಗತಿ. ಅಲ್ಲಿಯ ಮಿಶನ್ ಆಸ್ಪತ್ರೆ ಕಟ್ಟಿದ ಡಾ. ವಾನ್ಲೆಸ್ ಅವರ ಹೆಸರಿನಲ್ಲಿ ವಾನ್ಲೆಸ್‌ವಾಡಿ ಎಂಬ ಕ್ಷಯ ಆರೋಗ್ಯಧಾಮವಿತ್ತು. ಆ ಕಾಲದ ಇಂಥ ಆರೋಗ್ಯಧಾಮಗಳಲ್ಲಿ ಕೊಡುತ್ತಿದ್ದದ್ದು ಏನು? ತೆರೆದ ವರಾಂಡಾದಲ್ಲಿ ಹಾಸಿಗೆ, ಒಣ ಗಾಳಿ, ಬಿಸಿಲು, ಹಾಲು ಮೊಟ್ಟೆ, ತಿಂಗಳುಗಟ್ಟಲೆ ವಿಶ್ರಾಂತಿ. ಹೆಸರು ಬೇರೆಯಾದರೂ ಬಹುಪಾಲು ಪ್ರಕೃತಿ ಚಿಕಿತ್ಸೆಯೇ. ಬೇರೆ ಉಪಾಯವೂ ಇರಲಿಲ್ಲ. ಕೆಲವರು ಉಳಿದರು, ಬಹಳ ಜನ ಉಳಿಯಲಿಲ್ಲ. 1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್ ಬಂತು, ಆಮೇಲೆ ಐಸೋನಿಯಾಜಿಡ್ ಬಂತು. ಆಗ ಮದ್ರಾಸಿನಲ್ಲಿ ಒಂದು ಪರೀಕ್ಷೆ ನಡೆಯಿತು. ಕ್ಷಯರೋಗಿಗಳನ್ನು ಎರಡು ಗುಂಪು ಮಾಡಿ ಒಂದು ಗುಂಪನ್ನು ಆರೋಗ್ಯಧಾಮದಲ್ಲಿಟ್ಟು ಒಳ್ಳೆಯ ಊಟ, ಗಾಳಿ, ವಿಶ್ರಾಂತಿಯ ಜೊತೆ ಗುಳಿಗೆ ಕೊಟ್ಟರು. ಇನ್ನೊಂದು ಗುಂಪಿಗೆ ಕೊಳಗೇರಿಯ ಇಕ್ಕಟ್ಟಿನ ಮನೆಯಲ್ಲೇ, ಅರೆಹೊಟ್ಟೆಯ ಊಟದಲ್ಲೇ, ಅವೇ ಗುಳಿಗೆ. 1959ರಲ್ಲಿ ಫಲಿತಾಂಶ ಪ್ರಕಟವಾದಾಗ ಜಗತ್ತಿನ ವೈದ್ಯರು ಬೆರಗಾದರು. ಎರಡೂ ಗುಂಪುಗಳಲ್ಲಿ ಗುಣವಾದವರ ಪ್ರಮಾಣ ಹೆಚ್ಚುಕಡಿಮೆ ಒಂದೇ. ಜೀವ ಉಳಿಸಿದ್ದು ಗುಳಿಗೆ. ಜಗತ್ತಿನಲ್ಲಿ ಇನ್ನೂ ಉಳಿದಿದ್ದ ಕ್ಷಯದ ಆರೋಗ್ಯಧಾಮಗಳೂ ಇದಾದ ಮೇಲೆ ಒಂದೊಂದಾಗಿ ಮುಚ್ಚಿದವು. ಇವತ್ತು ಯಾರಾದರೂ ಟಿಬಿ ಗುಳಿಗೆ ಬಿಡಿ, ಸೂರ್ಯಸ್ನಾನ ಮಾಡಿಸುತ್ತೇನೆ ಎಂದರೆ ಅವರು ನಿಮ್ಮನ್ನು ನೂರು ವರ್ಷ ಹಿಂದಕ್ಕೆ ಒಯ್ಯುತ್ತಿದ್ದಾರೆ.

ಹಾಗೆಂದು ಬಲವೇ ಇಲ್ಲವೇ? ಇದೆ, ಅದೂ ಈಗಿನ ಕಾಯಿಲೆಗಳಲ್ಲಿ. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತವರನ್ನು ಹಿಡಿದು ಚೆನ್ನೈನ ಸಂಶೋಧಕರು ಒಂದು ದೊಡ್ಡ ಅಧ್ಯಯನ ಮಾಡಿದರು. 2006ರಲ್ಲಿ ಅದು ಪ್ರಕಟವಾಯಿತು. ಊಟ ತಿದ್ದಿ, ನಡಿಗೆ ಕಲಿಸಿದ್ದರಿಂದಲೇ ಕಾಯಿಲೆ ಬರುವ ಸಂಭವ ಶೇಕಡ 28.5ರಷ್ಟು ಇಳಿಯಿತು. ಗುಳಿಗೆ ಕೊಟ್ಟ ಗುಂಪಿನಲ್ಲೂ ಇಳಿಕೆ ಹೆಚ್ಚುಕಡಿಮೆ ಅಷ್ಟೇ. ಬ್ರಿಟನ್ನಿನಲ್ಲಿ ನಡೆದು 2018ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ, ಆಹಾರವನ್ನು ಬಿಗಿಯಾಗಿ ಕಡಿಮೆ ಮಾಡಿ ತೂಕ ಇಳಿಸುವ ಗುಂಪಿನಲ್ಲಿದ್ದ ಟೈಪ್ 2 ರೋಗಿಗಳಲ್ಲಿ ಶೇಕಡ 46ರಷ್ಟು ಮಂದಿ ಒಂದು ವರ್ಷದ ಹೊತ್ತಿಗೆ ಗುಳಿಗೆಯೇ ಇಲ್ಲದೆ ಸಕ್ಕರೆಯನ್ನು ಹತೋಟಿಯಲ್ಲಿಟ್ಟರು. ಈ ಸುದ್ದಿಯನ್ನು ಅರ್ಧ ಕೇಳಿಸಿಕೊಂಡು ಓಡುವವರೇ ಹೆಚ್ಚು. ಉಳಿದರ್ಧ ಹೀಗಿದೆ: ಆ ರೋಗಿಗಳು ಆರು ವರ್ಷಕ್ಕಿಂತ ಹಳೆಯ ಕಾಯಿಲೆಯವರಲ್ಲ, ಇನ್ಸುಲಿನ್ ಮೇಲೆ ಇದ್ದವರಲ್ಲ, ಅವರ ಗುಳಿಗೆ ನಿಲ್ಲಿಸಿದ್ದು ಅವರ ಸ್ವಂತ ವೈದ್ಯರ ಕಣ್ಗಾವಲಿನಲ್ಲಿ, ರಕ್ತಪರೀಕ್ಷೆ ಮಾಡುತ್ತ.

ಪ್ರಕೃತಿ ಚಿಕಿತ್ಸಾಲಯದಲ್ಲಿ ಹತ್ತು ದಿನ ಇದ್ದು ಬಂದವರ ಮುಖದಲ್ಲಿ ಕಳೆ ಬಂದಿರುತ್ತದೆ. ಬೆಳಗಿನ ನಡಿಗೆ, ಹೊತ್ತಿಗೆ ಸರಿಯಾಗಿ ನಿದ್ದೆ, ಉಪ್ಪು ಎಣ್ಣೆ ಕಡಿಮೆ, ಸಿಗರೇಟು ಸೆರೆ ಇಲ್ಲ, ಮೊಬೈಲು ಕಡಿಮೆ, ಮೇಲೆ ಮಾಲೀಶು. ಮೊಣಕಾಲು ನೋವು, ಮಲಬದ್ಧತೆ, ಬೊಜ್ಜು, ಸಣ್ಣ ಪ್ರಮಾಣದ ಬಿ.ಪಿ., ನಿದ್ದೆಗೇಡು ಇವುಗಳಲ್ಲಿ ಗುಣ ಕಂಡೇ ಕಾಣುತ್ತದೆ. ಇದನ್ನು ನಾವು ಅಲೋಪಥಿಯವರು ಐದು ನಿಮಿಷದಲ್ಲಿ ಚೀಟಿ ಬರೆದು ಕೊಡಲಾರೆವು, ಒಪ್ಪಿಕೊಳ್ಳಬೇಕು. ಮನೆಗೆ ಬಂದ ಮೇಲೆ ಅದನ್ನು ಉಳಿಸಿಕೊಳ್ಳುವುದೇ ಕಷ್ಟ. ಒಳ್ಳೆಯ ಪ್ರಕೃತಿ ಚಿಕಿತ್ಸಕರು ಇದನ್ನು ಬಲ್ಲರು. ಅಂಥವರು ನಮ್ಮ ಜೋಳದ ರೊಟ್ಟಿ, ಪುಂಡಿಪಲ್ಲೆ, ಮಡಿಕೆಕಾಳು, ಅಗಸಿ ಚಟ್ನಿ, ಮಜ್ಜಿಗೆಯಲ್ಲೇ ಪಥ್ಯ ಕಟ್ಟಿ ಕೊಡುತ್ತಾರೆ. ಧಾರವಾಡದವರಿಗೆ ಕಿವಿ ಹಣ್ಣು, ಆವಕಾಡೊ ಬರೆದು ಕೊಡುವವರ ಬಗ್ಗೆ ನನಗೆ ಅನುಮಾನ. ಫೇಡೆ ಬಿಡಬೇಕು ಎಂಬುದನ್ನು ಮಾತ್ರ ಎಲ್ಲ ಪದ್ಧತಿಯವರೂ ಒಂದೇ ಬಾಯಲ್ಲಿ ಹೇಳುತ್ತೇವೆ, ಕ್ಷಮಿಸಬೇಕು.

ಈಗ ಕೇಡಿನ ಕಡೆಗೆ. ‘ನೈಸರ್ಗಿಕ, ಅಡ್ಡಪರಿಣಾಮವಿಲ್ಲ’ ಎಂಬ ಮಾತನ್ನು ನೀವು ಫಲಕಗಳಲ್ಲಿ ಓದಿರುತ್ತೀರಿ. ಪರಿಣಾಮ ಇರುವ ಯಾವುದಕ್ಕೂ ಅಡ್ಡಪರಿಣಾಮ ಇದ್ದೇ ಇರುತ್ತದೆ. ಹಳೆಯ ಸಕ್ಕರೆ ಕಾಯಿಲೆಯಲ್ಲಿ ಪಾದದ ಸ್ಪರ್ಶಜ್ಞಾನ ಹೋಗಿರುತ್ತದೆ. ಅಂಥವರನ್ನು ಬಿಸಿನೀರಿನ ಪಾದಸ್ನಾನಕ್ಕೆ ಕೂರಿಸಿದರೆ ಚರ್ಮ ಬೆಂದರೂ ಗೊತ್ತಾಗುವುದಿಲ್ಲ. ಹೃದಯದ ತೊಂದರೆ ಇರುವವರಿಗೆ ಹಬೆಸ್ನಾನ ಅಪಾಯ. ಸಕ್ಕರೆ ಇಳಿಸುವ ಗುಳಿಗೆ ನುಂಗಿ ಉಪವಾಸ ಕೂತರೆ ಸಕ್ಕರೆ ಕುಸಿದು ಎಚ್ಚರ ತಪ್ಪುತ್ತದೆ. ಟೈಪ್ 1 ಕಾಯಿಲೆಯ ಹುಡುಗರು ಇನ್ಸುಲಿನ್ ಬಿಟ್ಟರೆ ಕೆಲವೇ ದಿನದಲ್ಲಿ ಜೀವಕ್ಕೆ ಕುತ್ತು. ಎಳನೀರು ಅಮೃತವೇ ಸರಿ, ಆದರೆ ಅದರಲ್ಲಿ ಪೊಟ್ಯಾಸಿಯಂ ಹೇರಳ. ಕಿಡ್ನಿ ಕೆಟ್ಟವರಿಗೆ ಅದೇ ಎಳನೀರು ಎದೆಬಡಿತವನ್ನು ನಿಲ್ಲಿಸಬಲ್ಲುದು. ಸೋರೆಕಾಯಿ ರಸದ ಹುಚ್ಚು ದೇಶಕ್ಕೆಲ್ಲ ಹಬ್ಬಿದಾಗ ಕಹಿ ಸೋರೆಕಾಯಿಯ ರಸ ಕುಡಿದು ಸಾವುಗಳಾದವು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ತಜ್ಞರ ಸಮಿತಿ ಮಾಡಿ, ಕಹಿಯಾಗಿದ್ದರೆ ಕುಡಿಯಬೇಡಿ ಎಂದು ಎಚ್ಚರಿಸಬೇಕಾಯಿತು. ಸೋರೆಯ ಕಹಿಯಲ್ಲಿ ಕುಕುರ್ಬಿಟಾಸಿನ್ ಎಂಬ ವಿಷವಿದೆ. ಅದಕ್ಕೆ ಮದ್ದಿಲ್ಲ.

ನನ್ನ ದವಾಖಾನೆಗೆ ಒಬ್ಬ ಕಿರಾಣಿ ಅಂಗಡಿಯವರು ಬರುತ್ತಿದ್ದರು. ಹಳೆಯ ಸಕ್ಕರೆ ಕಾಯಿಲೆ. ಒಂದು ಕಲ್ಯಾಣ ಮಂಟಪದಲ್ಲಿ ನಡೆದ ಶಿಬಿರಕ್ಕೆ ಹೋಗಿ ಬಂದವರು ಬಹಳ ದಿನ ಕಾಣಲಿಲ್ಲ. ಕಂಡಾಗ ಕಾಲಿನ ಹೆಬ್ಬೆರಳು ಕಪ್ಪಾಗಿತ್ತು. “ಸಾಹೇಬ್ರ, ಗುಳಿಗಿ ಎಲ್ಲಾ ವಿಷಾ, ಬಿಟ್ಟುಬಿಡ್ರಿ ಅಂದ್ರು, ಬಿಟ್ಟೆನ್ರಿ. ಪುಡಿ ಪಾಕೀಟು ಕೊಟ್ಟಿದ್ರು, ಅದನ್ನ ತಗೊಳ್ಳಾಕತ್ತೇನಿ” ಎಂದರು. ಕೊಟ್ಟವರು ಯಾರು? “ನ್ಯಾಚುರೋಪಥಿ ಡಾಕ್ಟರ್ರು ಅಂತ್ರೀ.” ಪಾಕೀಟಿನ ಮೇಲೆ ಹೆಸರಿಲ್ಲ, ತಯಾರಿಸಿದವರ ವಿಳಾಸವಿಲ್ಲ, ಒಳಗೇನಿದೆ ಎಂಬ ವಿವರವಿಲ್ಲ. ಬೆರಳು ಹೋಯಿತು, ಕಾಲು ಉಳಿಯಿತು.

ಇಲ್ಲಿ ಗಮನಿಸಬೇಕಾದದ್ದು ಆ ಪುಡಿ. ಪ್ರಕೃತಿ ಚಿಕಿತ್ಸೆ ಔಷಧವಿಲ್ಲದ ಚಿಕಿತ್ಸೆ. ಅದೇ ಅದರ ಮೂಲ ಪ್ರತಿಜ್ಞೆ, ಆಯುರ್ವೇದಕ್ಕೂ ಅದಕ್ಕೂ ಇರುವ ಗೆರೆ ಅದೇ. ಆಯುರ್ವೇದದಲ್ಲಿ ಔಷಧವುಂಟು, ಔಷಧಶಾಸ್ತ್ರವುಂಟು. ಹುಬ್ಬಳ್ಳಿ, ಗದಗಗಳಲ್ಲಿ ಅದರ ಹಳೆಯ ಕಾಲೇಜುಗಳೇ ಇವೆ. ಪ್ರಕೃತಿ ಚಿಕಿತ್ಸಕನೆಂದು ಹೇಳಿಕೊಂಡು ಹೆಸರಿಲ್ಲದ ಪುಡಿ, ಹನಿ, ಲೇಹ ಮಾರುವವನು ತನ್ನ ಶಾಸ್ತ್ರವನ್ನೇ ಮುರಿಯುತ್ತಿದ್ದಾನೆ. ಅವನ ಅರ್ಹತೆಯನ್ನು ಬೇರೆ ಪರೀಕ್ಷಿಸಬೇಕಾಗಿಲ್ಲ, ಎದ್ದು ಬಂದರಾಯಿತು.

ಹಾಗಾದರೆ ಅರ್ಹರು ಯಾರು? ಈ ವಿಷಯದಲ್ಲಿ ಕರ್ನಾಟಕದವರು ಭಾಗ್ಯವಂತರು. ಉಜಿರೆಯಲ್ಲಿ 1989ರಲ್ಲಿ ಧರ್ಮಸ್ಥಳದ ಶ್ರೀ ಮಂಜುನಾಥೇಶ್ವರ ಸಂಸ್ಥೆ ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನದ ಕಾಲೇಜು ತೆರೆಯಿತು. ಧಾರವಾಡದ ಸತ್ತೂರಿನಲ್ಲಿ ಮೆಡಿಕಲ್ ಕಾಲೇಜು ಕಟ್ಟಿದ್ದೂ ಇದೇ ಸಂಸ್ಥೆಯ ಬಳಗ. ದೇಶದಲ್ಲಿ ಈ ಪದವಿ ಕೊಟ್ಟ ಮೊದಮೊದಲ ಕಾಲೇಜುಗಳಲ್ಲಿ ಉಜಿರೆಯದು ಒಂದು. 2006ರಲ್ಲಿ ಮೈಸೂರಿನಲ್ಲಿ ಸರ್ಕಾರಿ ಕಾಲೇಜೂ ಬಂತು. ಪದವಿಯ ಹೆಸರು ಬಿ.ಎನ್.ವೈ.ಎಸ್. ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಸಿಇಟಿ ಬರೆಸಿದ ತಂದೆ ತಾಯಿಗಳಿಗೆ ಗೊತ್ತಿರುತ್ತದೆ, ರ‍್ಯಾಂಕ್ ಪಟ್ಟಿಯಲ್ಲಿ ಎಂಜಿನಿಯರಿಂಗ್, ಕೃಷಿಗಳ ಜೊತೆ ಈ ಕೋರ್ಸಿನದೂ ಒಂದು ರ‍್ಯಾಂಕ್ ಬರುತ್ತದೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಪರೀಕ್ಷೆ ನಡೆಸುತ್ತದೆ. ವಿದ್ಯಾರ್ಥಿಗಳು ಮೊದಲು ಓದುವುದು ಅಂಗರಚನೆ, ಶರೀರಕ್ರಿಯೆ, ಜೀವರಸಾಯನ. ಆಮೇಲೆ ರೋಗಶಾಸ್ತ್ರ, ಸೂಕ್ಷ್ಮಾಣುಶಾಸ್ತ್ರ. ಜಲಚಿಕಿತ್ಸೆ, ಉಪವಾಸ ಚಿಕಿತ್ಸೆ ಆ ಬುನಾದಿಯ ಮೇಲೆ ಬರುತ್ತವೆ. ಇವರಿಗೆ ಎಕ್ಸ್‌ರೇ, ಇಸಿಜಿ, ರಕ್ತಪರೀಕ್ಷೆಯ ವರದಿ ಓದಲು ಬರುತ್ತದೆ. ಬುನಾದಿ ಇಲ್ಲದವರಿಗೂ ಮಣ್ಣಿನ ಪಟ್ಟಿ ಹಚ್ಚಲು ಬಂದೀತು. ಯಾರಿಗೆ ಹಚ್ಚಬಾರದು ಎನ್ನುವುದು ಬರುವುದಿಲ್ಲ.

ಇನ್ನೊಂದು ಜಾತಿಯ ಸರ್ಟಿಫಿಕೇಟುಗಳಿವೆ. ಅಂಚೆಯಲ್ಲಿ ಪಾಠ ತರಿಸಿ ಓದಿದ ಡಿಪ್ಲೊಮಾ, ಆನ್‌ಲೈನ್‌ನಲ್ಲಿ ವಾರಾಂತ್ಯದ ಕೋರ್ಸು, ಯಾವುದೋ ಖಾಸಗಿ ಪರಿಷತ್ತು ಕೊಟ್ಟ ಚಿನ್ನದ ಮುದ್ರೆಯ ಹಾಳೆ. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಈ ವಿದ್ಯೆಗೆ ಕನಿಷ್ಠ ತರಬೇತಿ ಎಷ್ಟಿರಬೇಕು ಎಂದು ಹೇಳಿತು: 1500 ಗಂಟೆ, ಅದರಲ್ಲಿ 400 ಗಂಟೆಗೆ ಕಡಿಮೆಯಿಲ್ಲದಂತೆ ಹಿರಿಯರ ಉಸ್ತುವಾರಿಯಲ್ಲಿ ರೋಗಿಗಳ ನಡುವೆ. ವಾರಾಂತ್ಯದ ಕೋರ್ಸಿನವರು ಎಲ್ಲಿ ನಿಲ್ಲುತ್ತಾರೆ ನೀವೇ ಲೆಕ್ಕ ಹಾಕಿ. ಯೋಗ ಶಿಕ್ಷಕರ ಪ್ರಮಾಣಪತ್ರವೂ ಬೇರೆ. ಆಯುಷ್ ಮಂತ್ರಾಲಯದ ಯೋಗ ಪ್ರಮಾಣೀಕರಣ ಮಂಡಳಿ ಯೋಗ ಶಿಕ್ಷಕರಿಗೆ ಕೊಡುವ ಪತ್ರ ಆಸನ ಕಲಿಸಲು ಯೋಗ್ಯರೆಂದು ಹೇಳುತ್ತದೆ. ಕಾಯಿಲೆಗೆ ಚಿಕಿತ್ಸೆ ಕೊಡಲು ಅಲ್ಲ.

ಹೆಸರಿನ ಹಿಂದಿನ ‘ಡಾ.’ ನೋಡಿ ಮೋಸ ಹೋಗಬೇಡಿ. ಧಾರವಾಡದಲ್ಲಿ ಕಲ್ಲು ಒಗೆದರೆ ಕವಿಯ ಮನೆ ಮೇಲೆ ಬೀಳುತ್ತದೆ ಎಂಬ ಮಾತಿದೆ. ಅದೇ ಕಲ್ಲು ಪುಟಿದು ಪಿಎಚ್.ಡಿ. ಆದವರ ಮನೆ ಮೇಲೂ ಬಿದ್ದೀತು. ಅವರೆಲ್ಲ ‘ಡಾ.’ಗಳೇ, ನನ್ನ ಹೆಮ್ಮೆಯ ಗೆಳೆಯರು, ಆದರೆ ನಾಡಿ ನೋಡುವವರಲ್ಲ.

ಕಾನೂನಿನ ಮಾತು ಒಣ, ಆದರೂ ಹೇಳದೆ ಗತಿಯಿಲ್ಲ. ಆಯುರ್ವೇದ, ಪ್ರಕೃತಿ ಚಿಕಿತ್ಸೆ, ಸಿದ್ಧ, ಯುನಾನಿ, ಯೋಗ ವೈದ್ಯರ ನೋಂದಣಿಗೆ ನಮ್ಮ ರಾಜ್ಯದಲ್ಲಿ 1961ರ ಕಾಯಿದೆಯಿದೆ. ಅದರಡಿ ಬೆಂಗಳೂರಿನ ಮಂಡಳಿ ನೋಂದಣಿ ಸಂಖ್ಯೆ ಕೊಡುತ್ತದೆ. ಇದು ವೈದ್ಯರ ನೋಂದಣಿ. ಚಿಕಿತ್ಸಾಲಯದ ನೋಂದಣಿ ಬೇರೆ, ಅದಕ್ಕೆ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆ, ಎಲ್ಲರ ಬಾಯಲ್ಲಿ ಕೆಪಿಎಂಇ. ಆ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳೇ ಮುಖ್ಯಸ್ಥರು. ಪ್ರಕೃತಿ ಚಿಕಿತ್ಸೆ, ಯೋಗಗಳೂ ಅದರ ವ್ಯಾಪ್ತಿಗೆ ಬರುತ್ತವೆ. ಎರಡೂ ಸಂಖ್ಯೆಗಳನ್ನು ಕೇಳುವ ಹಕ್ಕು ನಿಮಗಿದೆ. ಒಂದು ಕೊರತೆಯನ್ನೂ ಹೇಳಬೇಕು. ಆಯುರ್ವೇದ, ಯುನಾನಿ, ಸಿದ್ಧ, ಟಿಬೆಟಿನ ಸೋವಾ ರಿಗ್ಪಾ ಪದ್ಧತಿಗಳಿಗೆ 2020ರಲ್ಲಿ ಸಂಸತ್ತು ಒಂದು ರಾಷ್ಟ್ರೀಯ ಆಯೋಗ ಮಾಡಿತು. ಪ್ರಕೃತಿ ಚಿಕಿತ್ಸೆಯನ್ನು ಅದರೊಳಗೆ ಸೇರಿಸಲಿಲ್ಲ. ಆದ್ದರಿಂದ ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆ. ಐದೂವರೆ ವರ್ಷ ಬೆವರು ಸುರಿಸಿದ ಹುಡುಗ ಹುಡುಗಿಯರಿಗೂ ವಾರಾಂತ್ಯದ ಕೋರ್ಸಿನವರಿಗೂ ನಡುವೆ ಸರ್ಕಾರ ಗಟ್ಟಿ ಗೆರೆ ಎಳೆದಿಲ್ಲ. ನಮ್ಮ ರಾಜ್ಯದ ಪದವೀಧರರು ಅಂಥ ಗೆರೆಯನ್ನು ಕೇಳುತ್ತಿರುವುದು ನ್ಯಾಯ ಎಂದು ನನ್ನ ಅಭಿಪ್ರಾಯ.

ವಿದೇಶದಲ್ಲಿ ಮಕ್ಕಳಿರುವವರು ಇಲ್ಲಿ ಬಹಳ ಜನ ಇದ್ದೀರಿ. ಅಲ್ಲಿಯೂ ಪರಿಸ್ಥಿತಿ ಒಂದೇ ತೆರನಾಗಿಲ್ಲ. ಕೆನಡಾದ ಒಂಟಾರಿಯೊ ಪ್ರಾಂತದಲ್ಲಿ 2015ರಿಂದ ಪ್ರಕೃತಿ ವೈದ್ಯರಿಗೆ ಕಾನೂನುಬದ್ಧ ನಿಯಂತ್ರಣ ಮಂಡಳಿಯಿದೆ, ಪಕ್ಕದ ಕ್ವಿಬೆಕ್‌ನಲ್ಲಿ ಇಲ್ಲ. ಅಮೆರಿಕದ ಕೆಲವು ರಾಜ್ಯಗಳಲ್ಲಿ ಲೈಸೆನ್ಸು ಬೇಕು, ಕೆಲವಲ್ಲಿ ಯಾರು ಬೇಕಾದರೂ ಬೋರ್ಡು ಹಾಕಬಹುದು. ಮಗನ ಮನೆಗೆ ಹೋದಾಗಲೂ ಕೇಳಿಯೇ ಹೋಗಿ.

1996ರಲ್ಲಿ ಪೂನಂ ವರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನನಗೆ ಮುಖ್ಯವೆನಿಸುತ್ತದೆ. ಹೋಮಿಯೋಪಥಿ ಓದಿದ ಒಬ್ಬರು ಜ್ವರದ ರೋಗಿಗೆ ಅಲೋಪಥಿ ಔಷಧ ಕೊಟ್ಟರು, ರೋಗಿ ತೀರಿಕೊಂಡರು. ತಾನು ಕಲಿಯದ ಪದ್ಧತಿಯಲ್ಲಿ ಚಿಕಿತ್ಸೆ ಮಾಡುವವನು ಆ ಪದ್ಧತಿಯ ಮಟ್ಟಿಗೆ ನಕಲಿ ವೈದ್ಯನೇ ಎಂಬುದು ನ್ಯಾಯಾಲಯದ ನಿಲುವು. ಅದು ಎರಡೂ ಕಡೆಗೆ ಕೊಯ್ಯುತ್ತದೆ. ಪ್ರಕೃತಿ ಚಿಕಿತ್ಸಕರು ಆಂಟಿಬಯಾಟಿಕ್ ಬರೆಯುವಂತಿಲ್ಲ. ನನ್ನಂಥವನು ಯೂಟ್ಯೂಬ್ ನೋಡಿ ಏಳು ದಿನದ ಉಪವಾಸ ಮಾಡಿಸುವುದೂ ಅಷ್ಟೇ ತಪ್ಪು. ಇನ್ನು ಜಾಹೀರಾತು. 1954ರ ಕಾಯಿದೆಯೊಂದರ ಪಟ್ಟಿಯಲ್ಲಿ ಸಕ್ಕರೆ ಕಾಯಿಲೆ, ಕ್ಯಾನ್ಸರ್, ರಕ್ತದೊತ್ತಡ, ಮೂರ್ಛೆರೋಗ, ಪಾರ್ಶ್ವವಾಯು ಎಲ್ಲ ಇವೆ. ಇವನ್ನು ನಮ್ಮ ಔಷಧದಿಂದ, ನಮ್ಮ ಮಂತ್ರತಾಯತದಿಂದ ಗುಣಪಡಿಸುತ್ತೇವೆ ಎಂದು ಪ್ರಚಾರ ಮಾಡುವುದೇ ಅಪರಾಧ. ಎಪ್ಪತ್ತು ವರ್ಷಗಳ ಕಾಯಿದೆ. ನಮ್ಮ ಬಸ್ಸಿನ ಹಿಂಬದಿ, ಗೋಡೆ, ವಾಟ್ಸ್‌ಆ್ಯಪ್ ನೋಡಿದರೆ ಅದು ಇದೆ ಎಂದು ನಂಬುವುದು ಕಷ್ಟ.

ಕಾಗದಪತ್ರ ಸರಿಯಿದ್ದ ಮಾತ್ರಕ್ಕೆ ವೈದ್ಯರು ಒಳ್ಳೆಯವರು ಎನ್ನಲಾಗದು. ಮೊದಲ ಭೇಟಿಯಲ್ಲಿ ಅವರು ಏನು ಕೇಳುತ್ತಾರೆ ಎಂದು ನೋಡಿ. ಯಾವ ಗುಳಿಗೆ ತೆಗೆದುಕೊಳ್ಳುತ್ತೀರಿ, ಹೃದಯದ ತೊಂದರೆ ಇತ್ತೇ, ಬಸುರಿಯೇ, ಕಿಡ್ನಿಯ ವರದಿ ಇದೆಯೇ ಎಂದು ಕೇಳಿ, ಬಿ.ಪಿ. ನೋಡಿ, ಆಮೇಲೆ ಟಬ್ಬಿನ ಕಡೆ ಕೈ ತೋರಿಸುವವರು ಕಲಿತವರು. ಬಂದವರಿಗೆಲ್ಲ ಒಂದೇ ಪ್ಯಾಕೇಜು ಹಚ್ಚುವವರು, ಎನಿಮಾ ಕೊಟ್ಟ ಮೇಲೆ ಹೆಸರು ಕೇಳುವವರು ಕಲಿತವರಲ್ಲ. ಗುಳಿಗೆ ಬಿಡಿಸಬೇಕೆನಿಸಿದರೆ ನಿಮ್ಮ ಮೊದಲಿನ ಡಾಕ್ಟರರಿಗೆ ಫೋನು ಹಚ್ಚುತ್ತಾರೆಯೇ, ಚೀಟಿ ಬರೆಯುತ್ತಾರೆಯೇ? ಬರೆಯುವವರು ಇದ್ದಾರೆ. ಅಂಥ ಚೀಟಿ ಬಂದಾಗ ನಮ್ಮಲ್ಲಿ ಕೆಲವರು ಅದನ್ನು ಹರಿದು ಬುಟ್ಟಿಗೆ ಹಾಕುತ್ತಾರೆ. ಅದು ನಮ್ಮ ಕಡೆಯ ಸಣ್ಣತನ.

ಎಲ್ಲಕ್ಕಿಂತ ಹೆಚ್ಚಾಗಿ ನೋಡಬೇಕಾದದ್ದು, ಅವರು ಯಾರನ್ನಾದರೂ ವಾಪಸು ಕಳಿಸುತ್ತಾರೆಯೇ ಎಂಬುದನ್ನು. “ನಿಮ್ಮಿಂದ ಆಗದ ಕಾಯಿಲೆ ಯಾವುವು?” ಎಂದು ನೇರವಾಗಿ ಕೇಳಿಬಿಡಿ. ಎದೆನೋವು, ಪಾರ್ಶ್ವವಾಯುವಿನ ಮೊದಲ ಗಂಟೆಗಳು, ಹೊಟ್ಟೆಯ ತೀವ್ರ ನೋವು, ಜ್ವರದಲ್ಲಿ ಪ್ರಜ್ಞೆ ಮಂಕಾಗುವುದು, ಎದೆಯಲ್ಲಿ ಗಂಟು, ಮಗುವಿನ ಉಸಿರಾಟದ ತೊಂದರೆ ಬಂದರೆ ನೇರ ದೊಡ್ಡ ದವಾಖಾನೆಗೆ ಹೋಗಿ ಎಂದು ಅವರ ಬಾಯಿಂದ ಬರಬೇಕು. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಹಿಂದೆ ಕಿಮ್ಸ್ ಎನ್ನುತ್ತಿದ್ದ ದೊಡ್ಡ ದವಾಖಾನೆ ಇದೆ, ಸತ್ತೂರಿನಲ್ಲಿ ಧರ್ಮಸ್ಥಳ ಸಂಸ್ಥೆಯ ಎಸ್‌ಡಿಎಂ ಇದೆ. ಈ ಎರಡರ ಹತ್ತಿರದಲ್ಲೇ ವಾಸವಾಗಿರುವ ನಮಗೆ ತಡಮಾಡಲು ಕಾರಣವೇ ಇಲ್ಲ. ಎಲ್ಲ ಕಾಯಿಲೆಗೂ ನಮ್ಮಲ್ಲಿ ಉತ್ತರವಿದೆ ಎನ್ನುವವರಿಗೆ ಯಾವ ಪದ್ಧತಿಯಲ್ಲೂ ಜಾಗವಿಲ್ಲ.

ಕೊನೆಯದಾಗಿ, ಹಿಂದಿನ ಸಾಲಿನಲ್ಲಿ ಕುಳಿತ ವಿದ್ಯಾರ್ಥಿಗಳಿಗೆ ಒಂದು ಕೋರಿಕೆ. ನಿಮ್ಮ ಅಜ್ಜ, ಅಮ್ಮ, ಕಾಕಾ, ಮಾವಶಿಯರು ಇಂಥ ಶಿಬಿರಕ್ಕೋ ಚಿಕಿತ್ಸಾಲಯಕ್ಕೋ ಹೊರಟರೆ ಬೇಡವೆಂದು ಜಗಳ ಆಡಬೇಡಿ. ಜೊತೆಗೆ ಹೋಗಿ. ಅವರು ನುಂಗುವ ಗುಳಿಗೆಗಳ ಪಟ್ಟಿಯನ್ನು ಒಂದು ಹಾಳೆಯಲ್ಲಿ ಬರೆದು ಒಯ್ಯಿರಿ. ವೈದ್ಯರ ನೋಂದಣಿ ಸಂಖ್ಯೆ, ಚಿಕಿತ್ಸಾಲಯದ ಕೆಪಿಎಂಇ ಸಂಖ್ಯೆ ಬರೆದುಕೊಳ್ಳಿ. ಕೊಡಲು ಹಿಂಜರಿದರೆ ಅಲ್ಲಿಂದಲೇ ಮನೆಗೆ ಕರೆತನ್ನಿ, ಜಿಲ್ಲಾ ಆಯುಷ್ ಅಧಿಕಾರಿಗಳ ಕಚೇರಿಗೋ ಜಿಲ್ಲಾಧಿಕಾರಿಗಳ ಕಚೇರಿಗೋ ಒಂದು ಅರ್ಜಿ ಕೊಡಿ. ದೂರು ಹೋಗದ ಊರಿನಲ್ಲಿ ಯಾವ ಅಧಿಕಾರಿಯೂ ತಾನಾಗಿ ಬಾಗಿಲು ಬಡಿಯುವುದಿಲ್ಲ.